ಆಡಿದವನಿಗೇ ಶಿಕ್ಷೆ, ಬೈಗುಳವೂ ಅವನಿಗೇ: ವಿಶ್ವ ಪೂಲ್ ಸಂಸ್ಥೆಯ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ,

ನಮಸ್ಕಾರ. ಟೇಬಲ್ ಮೇಲಿನ ಚೆಂಡುಗಳನ್ನು ಕ್ಯೂ ಎಂಬ ಕೋಲಿನಿಂದ ಹೊಡೆದು ಪಾಕೆಟ್‌ಗೆ ಬೀಳಿಸುವ ಪೂಲ್ ಆಟದ ವಿಶ್ವ ಸಂಸ್ಥೆಗೆ ಸದಸ್ಯ ಒಕ್ಕೂಟಗಳು ಆರಿಸಿ ಕಳಿಸಿದ ಅಧ್ಯಕ್ಷರು ನೀವು. ನಿಯಮ ಪುಸ್ತಕ ನಿಮ್ಮ ಸಂಸ್ಥೆಯದ್ದೇ. ಅದರಲ್ಲಿ ಏನಿದೆ, ಏನಿಲ್ಲ ಎಂದು ನಿಮಗೆ ಹೇಳಿಕೊಡುವ ಅಗತ್ಯ ನಮಗಿಲ್ಲ. ಬಹಳ ವರ್ಷ ಸುಮ್ಮನಿದ್ದು ನೋಡಿದೆವು. ಈಗ ಬರೆಯುತ್ತಿದ್ದೇವೆ.

ಅಗ್ರ ಶ್ರೇಣಿಯ ಆಟಗಾರ ಸೋತ ರಾತ್ರಿ ಅವನ ಮೇಲೆ ಬೀಳುವ ಮಾತುಗಳು ಹೆಚ್ಚೂಕಡಿಮೆ ನಾಲ್ಕೇ. ಬ್ರೇಕ್, ಅಂದರೆ ಜೋಡಿಸಿಟ್ಟ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತ, ಹೋಯಿತು ಇವನದು. ಒತ್ತಡ ತಡೆಯಲಾಗದೆ ಸುಲಭದ ಚೆಂಡು ಬಿಟ್ಟ. ಆಟ ಎಳೆದು ಎಳೆದು ಎದುರಾಳಿಯ ಲಯ ಕೆಡಿಸಿದ. ದುಡ್ಡಿನ ಹಿಂದೆ ಹೋಗಿ ದೇಶದ ಪಂದ್ಯಾವಳಿ ತಪ್ಪಿಸಿದ. ಈ ನಾಲ್ಕರಲ್ಲಿ ಬಹುಪಾಲು ಹುಟ್ಟುವುದು ಆಟಗಾರನ ಕೈಯಲ್ಲಲ್ಲ, ನಿಮ್ಮ ಕಚೇರಿಯಲ್ಲಿ ತೀರ್ಮಾನವಾಗದೆ ಬಿದ್ದಿರುವ ಕಡತಗಳಲ್ಲಿ.

ನಮ್ಮ ಬೇಡಿಕೆ ಮೊದಲೇ ಹೇಳಿಬಿಡುತ್ತೇವೆ. ಪಂದ್ಯಾವಳಿಗೆ 90 ದಿನ ಮೊದಲು ಟೇಬಲ್, ರ‍್ಯಾಕ್, ಬ್ರೇಕ್, ಫೌಲ್ ಷರತ್ತುಗಳನ್ನು ಬರಹದಲ್ಲಿ ಪ್ರಕಟಿಸಿ, ಆಮೇಲೆ ಬದಲಾಯಿಸಬೇಡಿ. ಬಹುಮಾನದ ಪೂರ್ತಿ ಹಣ ಠೇವಣಿಯಾಗುವ ತನಕ ಯಾವ ಪಂದ್ಯಾವಳಿಗೂ ಮಾನ್ಯತೆ ಕೊಡಬೇಡಿ. ಸಂಘಟಕರ ಜೊತೆ ನಿಮಗಿರುವ ಜಗಳಕ್ಕೆ ಆಟಗಾರನನ್ನು ಅಮಾನತು ಮಾಡಬೇಡಿ.

ಬ್ರೇಕ್‌ನಿಂದ ಶುರು ಮಾಡೋಣ, ನೈನ್ ಬಾಲ್ ಆಟದ ಅರ್ಧ ಜೀವ ಇರುವುದೇ ಅಲ್ಲಿ. ಒಂಬತ್ತು ಚೆಂಡು ಜೋಡಿಸಿದ ವಜ್ರದಾಕಾರದ ರ‍್ಯಾಕ್, ತುದಿಯಲ್ಲಿ 1, ನಟ್ಟನಡುವೆ 9. ಸಾಲುಗಳ ಲೆಕ್ಕ 1, 2, 3, 2, 1. ಮೂರನೇ ಸಾಲಿನ ಎರಡು ಕೊನೆಯಲ್ಲಿ ಕೂರುವ ಚೆಂಡುಗಳೇ ವಿಂಗ್ ಬಾಲ್‌ಗಳು. 1ನೇ ಚೆಂಡನ್ನು ಟೇಬಲ್‌ನ ಆಚೆ ತುದಿಯ ಗುರುತಾದ ಫುಟ್ ಸ್ಪಾಟ್ ಮೇಲಿಟ್ಟು, ತೆಳುವಾದ ಪ್ಲಾಸ್ಟಿಕ್ ಟೆಂಪ್ಲೇಟ್ ಮೇಲೆ ಒಂಬತ್ತೂ ಚೆಂಡು ಒಂದಕ್ಕೊಂದು ಅಂಟಿಕೊಂಡು ಕೂತರೆ, ಬದಿಯ ಕುಶನ್ (ಟೇಬಲ್ ಅಂಚಿನ ರಬ್ಬರ್ ಪಟ್ಟಿ) ಪಕ್ಕದಿಂದ ಸರಿಯಾಗಿ ಹೊಡೆದ ಬ್ರೇಕ್‌ಗೆ ವಿಂಗ್ ಬಾಲ್ ಮೂಲೆಯ ಪಾಕೆಟ್‌ಗೆ ಮತ್ತೆ ಮತ್ತೆ ಹೋಗಿ ಬೀಳುತ್ತದೆ. ಇದು ವಿಪರೀತ ಸಲೀಸಾಯಿತು ಎಂದು ಕೆಲವು ಪಂದ್ಯಾವಳಿಗಳಲ್ಲಿ 1ರ ಬದಲು 9ನ್ನು ಸ್ಪಾಟ್ ಮೇಲೆ ಇಡಿಸಲು ಶುರು ಮಾಡಿದರು. ಸ್ಪಾಟ್ ಮೇಲೆ ಯಾವ ಚೆಂಡು ಕೂತರೇನು ಎಂದು ಹೊರಗಿನವರಿಗೆ ಅನ್ನಿಸಬಹುದು. ಚೆಂಡಿನ ವ್ಯಾಸ 57.15 ಮಿ.ಮೀ.; 1ರಿಂದ 9ಕ್ಕೆ ಎರಡು ಸಾಲು ಹಿಂದಕ್ಕೆ, ಅಂದರೆ ಸುಮಾರು 99 ಮಿ.ಮೀ. ಅಷ್ಟು ದೂರ ಇಡೀ ರ‍್ಯಾಕ್ ಬ್ರೇಕ್ ಮಾಡುವವನ ಕಡೆಗೆ ಸರಿಯುತ್ತದೆ. ವಿಂಗ್ ಬಾಲ್ ಹೊರಡುವ ದಿಕ್ಕು ಅದೇ, ಹೊರಡುವ ಜಾಗ ಬೇರೆ. ಹಾಗಾಗಿ ಪಾಕೆಟ್ ತಲುಪುವ ಮೊದಲೇ ಬದಿಯ ಕುಶನ್‌ಗೆ ಬಡಿದು ವಾಪಸಾಗುತ್ತದೆ. ಈಗ ಆಟಗಾರ 1ನೇ ಚೆಂಡನ್ನು ಮಧ್ಯದ ಪಾಕೆಟ್‌ಗೆ ಕಳಿಸುವ ಬ್ರೇಕ್ ಕಲಿಯಬೇಕು. ಬಿಳಿ ಚೆಂಡು ಇಡುವ ಜಾಗ, ಹೊಡೆತದ ವೇಗ, ಹೊಡೆದ ಮೇಲೆ ಅದನ್ನು ಟೇಬಲ್ ಮಧ್ಯದಲ್ಲಿ ನಿಲ್ಲಿಸುವ ರೀತಿ, ಎಲ್ಲವನ್ನೂ ಮೊದಲಿನಿಂದ ತಿದ್ದಿಕೊಳ್ಳಬೇಕು. ಎರಡು ವಾರದ ಅಂತರದಲ್ಲಿ ಎರಡು ಪಂದ್ಯಾವಳಿ, ಒಂದರಲ್ಲಿ 1 ಸ್ಪಾಟ್ ಮೇಲೆ, ಇನ್ನೊಂದರಲ್ಲಿ 9.

ಅಷ್ಟಕ್ಕೇ ಮುಗಿಯುವುದಿಲ್ಲ. ಒಂದು ಕಡೆ ಬ್ರೇಕ್ ಬಾಕ್ಸ್ (ಬಿಳಿ ಚೆಂಡು ಇಡಲು ಗುರುತಿಸಿದ ಜಾಗ) ಒಳಗಿಂದಲೇ ಹೊಡೆಯಬೇಕು, ಇನ್ನೊಂದು ಕಡೆ ಎಲ್ಲಿಂದಾದರೂ ಸರಿ. ಒಂದು ಕಡೆ ಮೂರು ಚೆಂಡು ಪಾಕೆಟ್‌ಗೆ ಬೀಳಬೇಕು ಇಲ್ಲವೇ ಬ್ರೇಕ್ ಮಾಡುವ ತುದಿಯ ಅಡ್ಡಗೆರೆಯಾದ ಹೆಡ್ ಸ್ಟ್ರಿಂಗ್ ದಾಟಬೇಕು, ಇನ್ನೊಂದು ಕಡೆ ನಾಲ್ಕು ಚೆಂಡು ಕುಶನ್ ಮುಟ್ಟಿದರೆ ಸಾಕು. ಒಂದು ಕಡೆ ಗೆದ್ದವನೇ ಮುಂದಿನ ಬ್ರೇಕ್ ಮಾಡುತ್ತಾನೆ, ಇನ್ನೊಂದು ಕಡೆ ಸರದಿ. ಗೆದ್ದವನೇ ಬ್ರೇಕ್ ಮಾಡುವ ಆಟದಲ್ಲಿ ಐದಾರು ರ‍್ಯಾಕ್ (ಅಂದರೆ ಐದಾರು ಸುತ್ತು) ಕುರ್ಚಿ ಬಿಟ್ಟೇಳದೆ ಕೂತು ಸೋಲುವುದು ಹೊಸದೇನಲ್ಲ. ಕ್ಯಾಮೆರಾ ಆ ಮುಖವನ್ನು ಹತ್ತಿರದಿಂದ ತೋರಿಸುತ್ತದೆ. ಹೋರಾಡಲಿಲ್ಲ ಎಂದು ಬರೆಯುತ್ತಾರೆ. ಕುರ್ಚಿಯಲ್ಲಿ ಕೂತವನು ಹೇಗೆ ಹೋರಾಡಬೇಕು, ಸ್ವಾಮಿ?

ರ‍್ಯಾಕ್ ಒಳಗೆ ಕಣ್ಣಿಗೆ ಕಾಣದ ಇನ್ನೊಂದು ತೊಂದರೆಯೂ ಇದೆ. 1ನೇ ಚೆಂಡು ಹಿಂದಿನ ಎರಡನ್ನೂ ಮುಟ್ಟಿ ಕೂರಬೇಕು. ಒಂದರ ಜೊತೆ ಕೂದಲೆಳೆಯಷ್ಟು ಸಂದು ಉಳಿದರೂ ಹೊಡೆತದ ಬಲ ಎರಡೂ ಕಡೆಗೆ ಸಮನಾಗಿ ಹಂಚುವುದಿಲ್ಲ. ಆ ಪಕ್ಕ ಸತ್ತುಹೋಗುತ್ತದೆ. ಈ ಸಂದು ಬರುವುದು ಬಹಳ ಸಲ ಸೆಟ್‌ನಲ್ಲಿ ಒಂದೇ ಒಂದು ಚೆಂಡು ಬದಲಾಯಿಸಿದಾಗ. ಸವೆದ ಎಂಟರ ನಡುವೆ ಹೊಸದೊಂದು ಕೂತರೆ ಅಳತೆ ಹೊಂದುವುದಿಲ್ಲ. ಚೆಂಡು ಬದಲಾಯಿಸುವುದಾದರೆ ಪೂರ್ತಿ ಸೆಟ್ ಬದಲಾಯಿಸಿ. ಟೆಂಪ್ಲೇಟ್ ಇಡುವ ಜಾಗದಲ್ಲಿ ಬಟ್ಟೆ ಗುಳಿ ಬಿದ್ದಿದೆಯೇ ಎಂದು ಪ್ರತಿ ಬೆಳಿಗ್ಗೆ ನೋಡಿಸಿ. ಇದಕ್ಕೆ ಒಬ್ಬ ಟೇಬಲ್ ಮೆಕ್ಯಾನಿಕ್ ಸಾಕು, ಸಮಿತಿ ಬೇಡ.

ಇನ್ನು ಸುಲಭದ ಚೆಂಡು ಬಿಟ್ಟ ಎಂಬ ಮಾತು. ನಿಮ್ಮ ಸಂಸ್ಥೆಯ ಅಳತೆಯಂತೆ ಮೂಲೆಯ ಪಾಕೆಟ್ ಬಾಯಿ 4.5ರಿಂದ 4.625 ಇಂಚು. ಚೆಂಡು 2.25 ಇಂಚು. ಅಂದರೆ 4.5 ಇಂಚಿನ ಬಾಯಲ್ಲಿ ಎರಡು ಚೆಂಡು ಪಕ್ಕಪಕ್ಕದಲ್ಲಿ ಸರಿಯಾಗಿ ಹಿಡಿಯುತ್ತವೆ. ಈಗ 4 ಇಂಚಿಗೆ ಬಿಗಿ ಮಾಡಿದ ಟೇಬಲ್‌ಗಳ ಮೇಲೂ ಆಡಿಸುತ್ತಾರೆ. ಒಂದು ಚೆಂಡು ಕಳೆದರೆ ಉಳಿಯುವುದು 1.75 ಇಂಚು, ಎರಡೂ ಪಕ್ಕಕ್ಕೆ ಒಂದೊಂದು ಇಂಚೂ ಇಲ್ಲ. ಕುಶನ್‌ಗೆ ಅಂಟಿಕೊಂಡು ಉರುಳುವ ಚೆಂಡನ್ನು 4.5ರಲ್ಲಿ ಜೋರಾಗಿ ಹೊಡೆದು ಬೀಳಿಸಬಹುದು. 4ರಲ್ಲಿ ಅದೇ ವೇಗಕ್ಕೆ ದವಡೆಗೆ ಬಡಿದು ನಡುಗಿ ಹೊರಗೇ ನಿಲ್ಲುತ್ತದೆ. ಹಾಗಾಗಿ ಮೆಲ್ಲಗೆ ಹೊಡೆಯಬೇಕು. ಮೆಲ್ಲಗೆ ಹೊಡೆದರೆ ಬಿಳಿ ಚೆಂಡು ಮುಂದಿನ ಜಾಗಕ್ಕೆ ಹೋಗುವುದಿಲ್ಲ. ಆಗ ಆಟಗಾರ ಸೇಫ್ಟಿ (ಎದುರಾಳಿಗೆ ಹೊಡೆಯಲು ಕಷ್ಟವಾಗುವಂತೆ ಚೆಂಡು ಬಿಡುವ ಹೊಡೆತ) ಆಡುತ್ತಾನೆ, ಆಟ ನಿಧಾನವಾಗುತ್ತದೆ, ಎಳೆದ ಎಂಬ ಬೈಗುಳವೂ ಜೊತೆಗೆ ಬರುತ್ತದೆ. ಬಿಗಿ ಪಾಕೆಟ್ ಬೇಡ ಎಂದು ನಾವು ಹೇಳುತ್ತಿಲ್ಲ. ಆಟಗಾರರಲ್ಲೇ ಅದನ್ನು ಮೆಚ್ಚುವವರು ಬಹಳ ಮಂದಿ ಇದ್ದಾರೆ. ಮೂರು ತಿಂಗಳು ಮೊದಲು ಹೇಳಿ, ಅಭ್ಯಾಸದ ಟೇಬಲ್ ಅದೇ ಅಳತೆಗೆ ಕಟ್ಟಿಕೊಳ್ಳುತ್ತಾರೆ.

ಬಟ್ಟೆಯ ವಿಷಯವೂ ಇದೇ. ಹೊಸ ಬಟ್ಟೆಯ ಮೇಲೆ ಬಿಳಿ ಚೆಂಡು ಜಾರಿಕೊಂಡು ಹೋಗುತ್ತದೆ, ಕುಶನ್ ಬಿಟ್ಟ ಮೇಲೆ ಕೋನ ಅಗಲವಾಗುತ್ತದೆ. ಮೂರು ದಿನ ಆಡಿ ಚಾಕ್ ಪುಡಿ ಕೂತ ಮೇಲೆ ಅದೇ ಬಟ್ಟೆ ಚೆಂಡನ್ನು ಹಿಡಿಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದರೆ ಇನ್ನೂ ಬೇರೆ. ಒರೆಸದ ಚೆಂಡುಗಳು ಪರಸ್ಪರ ತಾಗುವಾಗ ಒಂದನ್ನೊಂದು ಎಳೆಯುತ್ತವೆ, ಚೆಂಡಿನ ಒಂದು ಪಕ್ಕಕ್ಕೆ ತಾಗಿಸುವ ಕಟ್ ಹೊಡೆತ ದಪ್ಪವಾಗಿ ತಾಗಿ ತಪ್ಪುತ್ತದೆ. ಟಿವಿ ಟೇಬಲ್‌ನಲ್ಲಿ ಪ್ರತಿ ಪಂದ್ಯಕ್ಕೂ ಚೆಂಡು ಹೊಳಪು ಮಾಡುತ್ತಾರೆ, ಹೊರಗಿನ ಟೇಬಲ್‌ಗಳಲ್ಲಿ ಹಾಗಲ್ಲ. ಹೊರಗೆ ನಾಲ್ಕು ಪಂದ್ಯ ಗೆದ್ದು ಟಿವಿ ಟೇಬಲ್‌ಗೆ ಬಂದವನು ಮೊದಲ ಮೂರು ರ‍್ಯಾಕ್‌ನಲ್ಲಿ ತಡವರಿಸುವುದು ಹೆದರಿಕೆಯಿಂದಲೇ ಎಂದು ತೀರ್ಪು ಕೊಡುವವರಿಗೆ ಇದು ಗೊತ್ತಿರುವುದಿಲ್ಲ. ನಿಮಗೆ ಗೊತ್ತಿದೆ. ಆದರೂ ಯಾರೂ ಬಾಯಿ ಬಿಡುವುದಿಲ್ಲ.

ಫೌಲ್ ಕೂಡ ಒಂದೇ ಇಲ್ಲ. ಒಂದು ಪಂದ್ಯಾವಳಿಯಲ್ಲಿ ತೋಳಿನ ಬಟ್ಟೆ ಯಾವ ಚೆಂಡಿಗೆ ತಾಗಿದರೂ ಫೌಲ್. ಮತ್ತೊಂದರಲ್ಲಿ ಬಿಳಿ ಚೆಂಡಿಗೆ ತಾಗಿದರೆ ಮಾತ್ರ. ರೆಫರಿ ಇಲ್ಲದ ಟೇಬಲ್‌ನಲ್ಲಿ ಆಟಗಾರ ತನ್ನ ಫೌಲ್ ತಾನೇ ಒಪ್ಪಬೇಕು. ಒಪ್ಪದಿದ್ದವನು ಮೋಸಗಾರ. ಯಾವ ನಿಯಮ ನಡೆಯುತ್ತಿದೆ ಎಂಬ ಗೊಂದಲದಲ್ಲಿ ಸುಮ್ಮನಾದವನೂ ಮೋಸಗಾರ. ಆ ಹಣೆಪಟ್ಟಿ ಒಮ್ಮೆ ಅಂಟಿದರೆ ನಿವೃತ್ತಿಯಾದರೂ ಕಳಚುವುದಿಲ್ಲ.

ಅಮೆರಿಕದ ಆಟಗಾರ ಶೇನ್ ವ್ಯಾನ್ ಬೋನಿಂಗ್ ಅವರನ್ನೇ ನೋಡಿ. ಯುಎಸ್ ಓಪನ್ ನೈನ್ ಬಾಲ್ ಐದು ಸಲ ಗೆದ್ದವರು: 2007, 2012, 2013, 2014, 2016. ಹುಟ್ಟಿನಿಂದಲೇ ಕಿವಿ ಸರಿಯಾಗಿ ಕೇಳಿಸದ ಮನುಷ್ಯ, ಶ್ರವಣ ಸಾಧನ ಇಟ್ಟುಕೊಂಡೇ ಈ ಎತ್ತರಕ್ಕೆ ಏರಿದವರು. 2016ರ ವಿಶ್ವ ನೈನ್ ಬಾಲ್ ಫೈನಲ್‌ನಲ್ಲಿ ಆಲ್ಬಿನ್ ಊಶನ್ ಎದುರು 13-6ರಿಂದ ಸೋತರು. ಅಲ್ಲಿಂದ ಆರು ವರ್ಷ ಒಂದೇ ರಾಗ: ವಿಶ್ವ ಪಟ್ಟವಿಲ್ಲದ ದೊಡ್ಡ ಆಟಗಾರ. ಯುರೋಪ್ ತಂಡದ ಎದುರು ಆಡುವ ಮೊಸ್ಕೋನಿ ಕಪ್‌ನಲ್ಲಿ ಅಮೆರಿಕ ತಂಡ 2010ರಿಂದ 2017ರವರೆಗೆ ಸತತವಾಗಿ ಸೋತಾಗಲೂ ಬೆರಳು ಮೊದಲು ತೋರಿಸಿದ್ದು ತಂಡದ ದೊಡ್ಡ ಹೆಸರಿನ ಕಡೆಗೇ. 2022ರಲ್ಲಿ ಅದೇ ಊಶನ್ ಎದುರು, ಅದೇ 13-6ರಿಂದ ವಿಶ್ವ ಪಟ್ಟ ಗೆದ್ದರು. ಮೊದಲ ಯುಎಸ್ ಓಪನ್‌ಗೂ ವಿಶ್ವ ಪಟ್ಟಕ್ಕೂ ನಡುವೆ ಹದಿನೈದು ವರ್ಷ. ಅಂಥವರಿಗೇ ಇಷ್ಟು ಕಾಯಬೇಕಾಗಿ ಬಂದ ಆಟ ಇದು. ಅವರ ಹಿಂದೆ ನಿಂತಿರುವ ಇಪ್ಪತ್ತನೇ, ಮೂವತ್ತನೇ ಸ್ಥಾನದವರ ಪಾಡು ಯಾರೂ ಬರೆಯುವುದಿಲ್ಲ.

ಈಗ ಹಣ. 2006ರಲ್ಲಿ ಅಮೆರಿಕದ ರೀನೋ ನಗರದಲ್ಲಿ ನಡೆದದ್ದು ನಮ್ಮಲ್ಲಿ ಯಾರಿಗೂ ಮರೆತಿಲ್ಲ, ನಿಮಗೂ ಮರೆತಿರಲಾರದು. ಇಂಟರ್‌ನ್ಯಾಷನಲ್ ಪೂಲ್ ಟೂರ್‌ನ ವರ್ಲ್ಡ್ ಓಪನ್, ಪೂಲ್‌ನ ಇನ್ನೊಂದು ಬಗೆಯಾದ ಎಯ್ಟ್ ಬಾಲ್. ಘೋಷಿಸಿದ ಒಟ್ಟು ಬಹುಮಾನ 30 ಲಕ್ಷ ಡಾಲರ್. ಫೈನಲ್‌ನಲ್ಲಿ ಎಫ್ರೆನ್ ರೆಯೆಸ್ ಅವರು ರಾಡ್ನಿ ಮಾರಿಸ್ ಅವರನ್ನು ಸೋಲಿಸಿದರು. ಗೆದ್ದವನಿಗೆ 5 ಲಕ್ಷ ಡಾಲರ್, ಅಲ್ಲಿಯವರೆಗೆ ಪೂಲ್ ಆಟ ಕಂಡಿರದ ಮೊತ್ತ. ಫೋಟೋ ತೆಗೆದರು, ಚಪ್ಪಾಳೆ ಹೊಡೆದರು. ಆಮೇಲೆ ಹಣ ಇಲ್ಲ ಎಂದರು. ಕೊಡಬೇಕಾದ್ದನ್ನು ಕಂತುಗಳಲ್ಲಿ ಹಂಚಲು ಶುರು ಮಾಡಿದರು. ಜಗತ್ತಿನ ಅತಿ ದೊಡ್ಡ ಆಟಗಾರ ಗೆದ್ದ ದುಡ್ಡಿಗೆ ಕಂತು! ಆ ಟೂರ್ ನಂಬಿ ಬೇರೆ ಕೆಲಸ ಬಿಟ್ಟು ಬಂದವರ ಕಥೆ ಬೇರೆ. ಅದು ನಿಮ್ಮ ಸಂಸ್ಥೆಯ ಟೂರ್ ಅಲ್ಲ ಎನ್ನಬಹುದು. ಸರಿ, ಒಪ್ಪಿದೆವು. ಆದರೆ ಅಂಥದ್ದು ಮತ್ತೆ ಆಗದಂತೆ ತಡೆಯುವ ಕೆಲಸ ವಿಶ್ವ ಸಂಸ್ಥೆಯದ್ದಲ್ಲದೆ ಇನ್ಯಾರದ್ದು? ಮೊದಲ ಬ್ರೇಕ್‌ಗೆ 30 ದಿನ ಮೊದಲು ಪೂರ್ತಿ ಮೊತ್ತ ಮೂರನೆಯವರ ಖಾತೆಯಲ್ಲಿ ಕೂರಲಿ. ಕೊನೆಯ ಪಂದ್ಯ ಮುಗಿದ 15 ದಿನದೊಳಗೆ ಆಟಗಾರನ ಖಾತೆಗೆ ಹೋಗಲಿ. ಮೊತ್ತ ಕಡಿಮೆಯಿದ್ದರೆ ಕಡಿಮೆಯೆಂದೇ ಮೊದಲು ಹೇಳಿ, ಬರುವವರು ಬರುತ್ತಾರೆ.

ಹಣ ಸರಿಯಾಗಿ ಬಂದ ಕಡೆಯ ಲೆಕ್ಕವನ್ನೂ ನೋಡಿ. 2025ರಲ್ಲಿ ಜೆಡ್ಡಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಾರ್ಲೊ ಬಿಯಾಡೊ ಅವರು ಫೆಡೋರ್ ಗೋರ್ಸ್ಟ್ ಅವರನ್ನು 15-13ರಿಂದ ಸೋಲಿಸಿ ಗೆದ್ದದ್ದು 2,50,000 ಡಾಲರ್. ಒಟ್ಟು ಬಹುಮಾನ 10 ಲಕ್ಷ, ಆಡಿದವರು 128 ಮಂದಿ. ಉಳಿದ ಏಳೂವರೆ ಲಕ್ಷವನ್ನು 127 ಜನಕ್ಕೆ ಸಮನಾಗಿ ಹಂಚಿದರೂ ತಲೆಗೆ 6,000 ಡಾಲರ್ ಮುಟ್ಟುವುದಿಲ್ಲ, ಮತ್ತು ಯಾವ ಪಂದ್ಯಾವಳಿಯೂ ಸಮನಾಗಿ ಹಂಚುವುದಿಲ್ಲ. ಇಷ್ಟು ದೊಡ್ಡ ಪಂದ್ಯಾವಳಿ ವರ್ಷಕ್ಕೆ ಹತ್ತಿಪ್ಪತ್ತು ಇಲ್ಲ. ಪ್ರವೇಶ ಶುಲ್ಕ, ವಿಮಾನ, ವೀಸಾ, ವಸತಿ ಎಲ್ಲವೂ ಹೆಚ್ಚಿನವರಿಗೆ ಸ್ವಂತ ಜೇಬಿನದು. ಬಹಳ ದೇಶಗಳಲ್ಲಿ ಸರ್ಕಾರದ ನೆರವು ಒಲಿಂಪಿಕ್ ಆಟಗಳ ಹಿಂದೆ ಹೋಗುತ್ತದೆ. ಪೂಲ್ 2001ರಿಂದ ವರ್ಲ್ಡ್ ಗೇಮ್ಸ್‌ನಲ್ಲಿದೆ, ಒಲಿಂಪಿಕ್ಸ್‌ನಲ್ಲಿಲ್ಲ. 2024ರ ಪ್ಯಾರಿಸ್‌ಗೆ ಸೇರಿಸಿ ಎಂದು ಕೇಳಿದ್ದೂ ಫಲಿಸಲಿಲ್ಲ.

ಇಂಥ ಸ್ಥಿತಿಯಲ್ಲಿರುವವನ ಮುಂದೆ ನಿಮ್ಮ ಎಚ್ಚರಿಕೆ ಬರುತ್ತದೆ: ಮಾನ್ಯತೆ ಇಲ್ಲದ ಪಂದ್ಯಾವಳಿಯಲ್ಲಿ ಆಡಿದರೆ ಅಮಾನತು. ವಿಯೆಟ್ನಾಂನ ಹನೋಯ್ ಓಪನ್ ಪಂದ್ಯಾವಳಿಯ ಸುತ್ತ ಎದ್ದ ಜಗಳದಲ್ಲಿ ಏಷ್ಯಾದ ಆಟಗಾರರು ಹೇಗೆ ಅಡಕತ್ತರಿಯಲ್ಲಿ ಸಿಕ್ಕರು ಎಂಬುದನ್ನು ಇಡೀ ಪೂಲ್ ಲೋಕ ನೋಡಿದೆ. ಸಂಘಟಕ ನಿಮ್ಮ ಜೊತೆ ಒಪ್ಪಂದ ಮಾಡಿಕೊಳ್ಳದಿದ್ದರೆ ಸಂಘಟಕನನ್ನು ಕೇಳಿ. ಆಟಗಾರ ಹೋದರೆ ಅಮಾನತು, ಹೋಗದಿದ್ದರೆ ಆ ತಿಂಗಳ ಸಂಪಾದನೆಯೂ ಇಲ್ಲ, ಆ ಪಂದ್ಯಾವಳಿಯ ಶ್ರೇಯಾಂಕದ ಅಂಕವೂ ಇಲ್ಲ. ಅಮಾನತಾದವನು ರಾಷ್ಟ್ರೀಯ ತಂಡದಿಂದಲೂ ಹೊರಗೆ. ಆಗ ಜನ ಕೇಳುವುದು ಅವನನ್ನೇ: ದೇಶಕ್ಕಾಗಿ ಯಾಕೆ ಆಡಲಿಲ್ಲ?

ಆಟಗಾರನನ್ನು ದಂಡಿಸಬೇಡಿ. ಇದನ್ನು ಎಷ್ಟು ಸಲ ಬೇಕಾದರೂ ಬರೆಯುತ್ತೇವೆ. ಮ್ಯಾಚ್ ಮಾರಿಕೊಂಡವನನ್ನು ದಂಡಿಸಿ, ಉದ್ದೀಪನ ಮದ್ದು ತೆಗೆದುಕೊಂಡವನನ್ನು ದಂಡಿಸಿ, ರೆಫರಿ ಮೇಲೆ ಕೈ ಮಾಡಿದವನನ್ನು ದಂಡಿಸಿ. ಕ್ಯೂ ಹಿಡಿದು ನ್ಯಾಯವಾಗಿ ಆಡಿ ಹೊಟ್ಟೆ ಹೊರೆಯುವವನನ್ನು ದಂಡಿಸಬೇಡಿ. ಅಮಾನತು ಮಾಡಲೇಬೇಕಿದ್ದರೆ ಮೊದಲು ಅವನ ಮಾತು ಕೇಳಿ, ಕಾರಣ ಬರಹದಲ್ಲಿ ಕೊಡಿ, ಮೇಲ್ಮನವಿಗೆ 21 ದಿನ ಕೊಡಿ, ಅದು ಇತ್ಯರ್ಥವಾಗುವ ತನಕ ಆಡಲು ಬಿಡಿ.

90 ದಿನ ಮೊದಲು ಪ್ರಕಟಿಸಬೇಕಾದ ಹಾಳೆ ಒಂದು ಪುಟಕ್ಕಿಂತ ಹೆಚ್ಚಾಗುವುದಿಲ್ಲ. ಮೂಲೆ ಮತ್ತು ಮಧ್ಯದ ಪಾಕೆಟ್ ಅಳತೆ, ಬಟ್ಟೆಯ ಹೆಸರು, ಅದನ್ನು ಯಾವ ದಿನ ಬದಲಾಯಿಸುತ್ತೀರಿ, ಚೆಂಡಿನ ಸೆಟ್, ಟೆಂಪ್ಲೇಟ್ ಯಾವುದು, ಸ್ಪಾಟ್ ಮೇಲೆ 1 ಕೂರುತ್ತದೋ 9 ಕೂರುತ್ತದೋ, ಬ್ರೇಕ್ ಬಾಕ್ಸ್ ಇದೆಯೋ ಇಲ್ಲವೋ, ಬ್ರೇಕ್ ಯಾರದು, ಯಾವ ಫೌಲ್ ನಿಯಮ, ಶಾಟ್ ಕ್ಲಾಕ್ ಎಷ್ಟು ಸೆಕೆಂಡು ಮತ್ತು ಯಾವ ಸುತ್ತಿನಿಂದ, ಜಂಪ್ ಕ್ಯೂ (ಚೆಂಡು ಹಾರಿಸುವ ಕೋಲು) ಬಿಡುತ್ತೀರೋ ಇಲ್ಲವೋ. ಕೆಳಗೆ ಬಹುಮಾನದ ಹಣ ಠೇವಣಿಯಾಗುವ ದಿನಾಂಕ ಮತ್ತು ನಿಮ್ಮ ಸಹಿ. ಮುಂದಿನ ಪಂದ್ಯಾವಳಿಯಿಂದಲೇ ಈ ಹಾಳೆ ಹೊರಡಿಸಿ. ಉತ್ತರಕ್ಕಾಗಿ ಕಾಯುತ್ತಿದ್ದೇವೆ.

ಇಂತಿ,
ಪೂಲ್ ಟೇಬಲ್‌ಗಳ ಪಕ್ಕ ನಿಂತು ಈ ಆಟವನ್ನು ಕಾಯುವವರು