ರೋಗಿ ಬೀಳುವ ಮೊದಲೇ ರಾತ್ರಿಪಾಳಿ ಎಚ್ಚರವಾಗಲಿ

ಮಾನ್ಯ ಸಂಪಾದಕರೇ,

ಮಲೆನಾಡಿನಲ್ಲಿ ಮಳೆ ಹಿಡಿದರೆ ಆಸ್ಪತ್ರೆಯ ನೆಲ ಒಣಗುವುದೇ ಕಷ್ಟ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ರೋಗಿಯನ್ನು ನೋಡಲು ಬಂದವರ ಕೊಡೆ, ಚಪ್ಪಲಿಗಳಿಂದ ನೀರು ಇಳಿಯುತ್ತಲೇ ಇರುತ್ತದೆ. ಆದರೆ ಒಳರೋಗಿ ಬಿದ್ದು ಸೊಂಟ ಮುರಿದುಕೊಂಡಾಗ ನೆಲವನ್ನಷ್ಟೇ ದೂರಿ ಕೈತೊಳೆದುಕೊಳ್ಳುವಂತಿಲ್ಲ. ಯಾರಿಗೆ ಬೀಳುವ ಅಪಾಯವಿದೆ ಎಂಬುದನ್ನು ನರ್ಸಿಂಗ್ ಓದುವಾಗಲೇ ಕಲಿಸಿರುತ್ತಾರೆ. ಕಲಿತದ್ದು ಪಾಳಿಯ ರೂಢಿಯಾಗಿ ಉಳಿಯುತ್ತಿಲ್ಲ.

ರೋಗಿ ಬೀಳುವ ಅಪಾಯವನ್ನು ಅಂಕಗಳಲ್ಲಿ ಅಳೆಯುವ ಮಾರ್ಸ್ ಮಾಪಕವನ್ನೇ ನೋಡಿ. ಇತ್ತೀಚೆಗೆ ಬಿದ್ದಿದ್ದರೆ 25 ಅಂಕ, ಎರಡನೇ ಕಾಯಿಲೆ ಇದ್ದರೆ 15, ಕೋಲು ಹಿಡಿದು ನಡೆದರೆ 15, ಮಂಚ, ಮೇಜು ಹಿಡಿದು ನಡೆದರೆ 30, ಡ್ರಿಪ್ ಇದ್ದರೆ 20, ನಡಿಗೆ ಸೋತಿದ್ದರೆ 10, ತೀರಾ ತೂರಾಡಿದರೆ 20, ತನ್ನ ಶಕ್ತಿಯ ಮಿತಿ ಮರೆತವರಿಗೆ 15. ಜ್ವರವೆಂದು ಸೇರಿದ, ಸಕ್ಕರೆ ಕಾಯಿಲೆಯೂ ಇರುವ, ಡ್ರಿಪ್ ಹಾಕಿಸಿಕೊಂಡು ಬಗ್ಗಿ ನಡೆಯುವ ವೃದ್ಧರಿಗೆ 15, 20, 10 ಸೇರಿ 45 ಆಗುತ್ತದೆ. ಒಮ್ಮೆಯೂ ಬೀಳದವರು ಹೆಚ್ಚು ಅಪಾಯದ ಗುಂಪಿಗೆ ಸೇರಿದರು! ದಾಖಲಾದ ದಿನ ಅಂಕ ಬರೆದು ಫೈಲು ಮುಚ್ಚಿಬಿಟ್ಟರೆ ಏನೂ ಉಪಯೋಗವಿಲ್ಲ. ಶಸ್ತ್ರಚಿಕಿತ್ಸೆಯಾದ ಮೇಲೆ, ನಿದ್ರೆ ಮಾತ್ರೆ ಶುರುವಾದ ಮೇಲೆ, ವಾರ್ಡು ಬದಲಾದ ಮೇಲೆ ಮತ್ತೆ ಎಣಿಸಬೇಕು. ಪಾಳಿ ಒಪ್ಪಿಸುವಾಗ ಮಂಚದ ಬಳಿಯೇ ನಿಂತು ಹೇಳಬೇಕು.

ಅತಿ ಕೆಟ್ಟ ಹೊತ್ತು ರಾತ್ರಿ ಶೌಚಾಲಯಕ್ಕೆ ಎದ್ದಾಗ. ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್‌ನಂಥ ಔಷಧ ಸಂಜೆ ಕೊಟ್ಟರೆ ರೋಗಿ ರಾತ್ರಿಯಿಡೀ ಏಳುತ್ತಾರೆ. ಅದನ್ನು ಮಧ್ಯಾಹ್ನದೊಳಗೆ ಕೊಡಬಹುದೇ ಎಂದು ವೈದ್ಯರನ್ನು ಕೇಳಬೇಕಾದವರು ನರ್ಸ್. ಜೊತೆಗಿದ್ದ ಮಗ ಮಂಚದ ಪಕ್ಕ ಚಾಪೆ ಹಾಸಿ ಮಲಗಿರುತ್ತಾನೆ. ದಣಿದವನನ್ನು ಏಕೆ ಎಬ್ಬಿಸುವುದು ಎಂದು ಅಪ್ಪ ಒಬ್ಬರೇ ಇಳಿಯುತ್ತಾರೆ, ಆ ಚಾಪೆಯೇ ಕಾಲಿಗೆ ತೊಡರುತ್ತದೆ. ಸಿಸ್ಟರ್‌ಗೆ ಹೇಳಲು ಅವರಿಗೆ ಸಂಕೋಚ. ಆದ್ದರಿಂದ ಮಲಗುವ ಮುನ್ನ ಒಮ್ಮೆ, ನಸುಕಿನ ನಾಲ್ಕರ ಸುಮಾರಿಗೆ ಒಮ್ಮೆ ನರ್ಸ್‌ಗಳಾದ ನಾವೇ ಹೋಗಿ ಕೇಳಬೇಕು. ಚಾಪೆಯನ್ನು ರೋಗಿ ಇಳಿಯದ ಬದಿಗೆ ಹಾಸಿಸಬೇಕು.

ಏಳಿಸುವುದಕ್ಕೂ ಕ್ರಮವಿದೆ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಎರಡು ಮೂರು ನಿಮಿಷ ಕೂರಿಸಿ, ತಲೆ ಸುತ್ತುತ್ತಿಲ್ಲವೆಂದು ಖಚಿತವಾದ ಮೇಲೆ ನಿಲ್ಲಿಸಬೇಕು. ಮಲಗಿದ್ದಾಗಿನ ಬಿಪಿಗಿಂತ ನಿಂತ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅಂಥವರನ್ನು ಒಂಟಿಯಾಗಿ ಬಿಡಬಾರದು. ನೆಲಮಟ್ಟದ ಶೌಚಾಲಯದಲ್ಲಿ ಕುಳಿತೇಳುವಾಗಲೂ ಇದೇ ಅಪಾಯ. ಹಿಡಿಕೆ ಇಲ್ಲದಿದ್ದರೆ ಕಮೋಡ್ ಕುರ್ಚಿ ಕೊಡಿ. ಡ್ರಿಪ್ ಸ್ಟ್ಯಾಂಡ್ ಹಿಡಿದು ನಡೆಯಲು ಬಿಡಬೇಡಿ, ಅದರ ಗಾಲಿ ಮುಂದಕ್ಕೆ ಓಡುತ್ತದೆ.

ಮಂಚದ ಕಂಬಿಯ ಬಗ್ಗೆ ತಪ್ಪು ನಂಬಿಕೆ ಬಹಳ ಇದೆ. ಬುದ್ಧಿ ಮಂಕಾದ ರೋಗಿಗೆ ಸುತ್ತಲೂ ಕಂಬಿ ಏರಿಸಿದರೆ ಅದನ್ನೇ ಹತ್ತಿ ದಾಟುತ್ತಾರೆ, ಇನ್ನೂ ಎತ್ತರದಿಂದ ಬೀಳುತ್ತಾರೆ. ಅವರನ್ನು ನರ್ಸ್ ಮೇಜಿಗೆ ಹತ್ತಿರದ ಮಂಚಕ್ಕೆ ತನ್ನಿ, ಗಾಲಿಗೆ ಬ್ರೇಕ್ ಹಾಕಿ, ಮಂಚ ತಗ್ಗಿಸಿ. ತಗ್ಗದ ಹಳೆಯ ಕಬ್ಬಿಣದ ಮಂಚವಾದರೆ ಮೆಟ್ಟಿಲ ಸ್ಟೂಲಿನ ರಬ್ಬರ್ ಸವೆದಿದೆಯೇ ನೋಡಿ. ನೆಲ ಒರೆಸುವವರಿಗೆ ಒಂದು ಬದಿ ಒಣಗಿದ ಮೇಲೆಯೇ ಇನ್ನೊಂದು ಬದಿ ಒರೆಸಲು ಹೇಳಿ.

ಬಿದ್ದವರನ್ನು ತಕ್ಷಣ ಎತ್ತಿ ಕೂರಿಸುವುದು ದೊಡ್ಡ ತಪ್ಪು. ಪ್ರಜ್ಞೆ, ತಲೆ, ಕುತ್ತಿಗೆ, ಸೊಂಟ ಮೊದಲು ನೋಡಬೇಕು. ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರುವ ಸಂಶಯ ಬಲವಾಗಿದೆ. ಬಿಪಿ, ಸಕ್ಕರೆ ಅಳೆಯಿರಿ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾಗಿದ್ದರೆ, ಹೊರಗೆ ಗಾಯ ಕಾಣದಿದ್ದರೂ ವೈದ್ಯರಿಗೆ ಕೂಡಲೇ ತಿಳಿಸಿ. ತಲೆಯೊಳಗೆ ರಕ್ತ ನಿಧಾನವಾಗಿ ಸೇರಬಹುದು.

ಇಷ್ಟೆಲ್ಲ ಮಾಡಲು ಕೈಗಳು ಬೇಕು. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್ ಎಂಬುದು ಭಾರತೀಯ ನರ್ಸಿಂಗ್ ಕೌನ್ಸಿಲ್ಲಿನ ಮಾನದಂಡ. ರಾತ್ರಿ ಒಬ್ಬರ ಮೇಲೆ ಇಡೀ ವಾರ್ಡು ಹೊರಿಸಿ, ರೋಗಿ ಬಿದ್ದರೆ ಮೆಮೊ ಕೊಟ್ಟರೆ ಮುಂದೆ ಯಾರೂ ಬಿದ್ದದ್ದನ್ನು ದಾಖಲಿಸುವುದಿಲ್ಲ. ಶಿವಮೊಗ್ಗದ ಆಸ್ಪತ್ರೆಗಳ ಆಡಳಿತದವರು ಈ ಮಳೆಗಾಲದೊಳಗೆ ಕನಿಷ್ಠ ಶೌಚಾಲಯಕ್ಕೆ ಹಿಡಿಕೆ, ಕರೆಂಟು ಹೋದರೂ ಉರಿಯುವ ದೀಪ, ರಾತ್ರಿಪಾಳಿಗೆ ಇನ್ನೊಬ್ಬ ನರ್ಸ್ ಒದಗಿಸಬೇಕೆಂದು ಕೋರುತ್ತೇವೆ.

– ಶುಶ್ರೂಷಾಧಿಕಾರಿಗಳು, ಶಿವಮೊಗ್ಗ