ರಣಹದ್ದಿನ ಗೂಡಿನ ಮುಂದೆ ಡ್ರೋನ್ ಹಾರಿಸಲು ಬಿಟ್ಟವರು ಯಾರು?

ಮಾನ್ಯ ಸಂಪಾದಕರೇ,

ನಮ್ಮ ರಾಮನಗರದ ರಾಮದೇವರ ಬೆಟ್ಟದ ಡ್ರೋನ್ ಹಾವಳಿ ಬಗ್ಗೆ ಮಂಗಳವಾರ ನೀವು ಹಾಕಿದ ಸುದ್ದಿ ಓದಿದೆ. 'ಪ್ರವಾಸಿಗರಿಗೆ ತೊಂದರೆ' ಅಂತ ಬರೆದಿದ್ದೀರಿ. ಆ ಪ್ರವಾಸಿಗರಲ್ಲಿ ನಾನೂ ಒಬ್ಬ. ಆದರೆ ತೊಂದರೆ ಆಗಿದ್ದು ಹಕ್ಕಿಗೆ. ಅದನ್ನು ಯಾರೂ ಬರೆಯಲಿಲ್ಲ.

ಭಾನುವಾರ ಅಕ್ಕನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ನನಗೆ ರಜೆ ಸಿಗುವುದು ಅದೊಂದೇ ದಿನ. ಐದಕ್ಕೇ ಎದ್ದು, ಆಟೊಗೆ ದುಪ್ಪಟ್ಟು ಕೊಟ್ಟು, ಮಂಡಿ ನೋವಲ್ಲೇ ಮೆಟ್ಟಿಲು ಹತ್ತಿದೆ. ಅರ್ಧ ದಾರಿಯಲ್ಲಿ ಕೋತಿ ಬಾಳೆಹಣ್ಣಿನ ಚೀಲ ಕಿತ್ತುಕೊಂಡು ಹೋಯಿತು. ನೀರಿನ ಬಾಟಲಿಯೂ ಅದರಲ್ಲೇ ಇತ್ತು. ಎಲ್ಲ ಸಹಿಸಿಕೊಂಡೆ. ಎದುರಿನ ಬಂಡೆ ಮೇಲೆ ಸುಣ್ಣ ಸುರಿದ ಹಾಗೆ ಬಿಳಿ ಪಟ್ಟೆ ಇಳಿದಿರುತ್ತದೆ. ಅದು ರಣಹದ್ದಿನ ಹಿಕ್ಕೆ. ಪಟ್ಟೆ ಹಿಡಿದು ಮೇಲಕ್ಕೆ ನೋಡುತ್ತಾ ಹೋದರೆ ಬಂಡೆಯ ಸಂದಿಯಲ್ಲಿ ಹಕ್ಕಿ ಕೂತಿರುತ್ತದೆ. ಚಿಕ್ಕವಳಿಗೆ ಮೊದಲು ಕಂಡಿತು. 'ಮಾವ, ಅದರ ಕತ್ತಲ್ಲಿ ಗರಿನೇ ಇಲ್ಲ' ಅಂದಳು.

ಅಷ್ಟರಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಸುವ ಗುಂಪೊಂದು ಡ್ರೋನ್ ಹಾರಿಸಿತು. ಅದು ಝುಯ್ ಅಂತ ನೇರ ಆ ಸಂದಿಯ ಮುಂದೆಯೇ ಹೋಗಿ ನಿಂತಿತು. ಹಕ್ಕಿ ಎರಡು ಹೆಜ್ಜೆ ಕುಪ್ಪಳಿಸಿ ಕೆಳಕ್ಕೆ ಧುಮುಕಿ ರೆಕ್ಕೆ ಬಿಚ್ಚಿತು. ಒಂದೂವರೆ ಗಂಟೆ ಕಾದೆವು. ವಾಪಸ್ ಬರಲೇ ಇಲ್ಲ. ಕೇಳಿದ್ದಕ್ಕೆ 'ನಮಗೆ ಪರ್ಮಿಷನ್ ಇದೆ' ಅಂದರು. ಕೊಟ್ಟವರು ಯಾರು? ನನ್ನ ಹತ್ತಿರ ಇದ್ದ ಅಧಿಕಾರಿಗಳ ಒಂದು ನಂಬರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಇನ್ನೊಂದರಲ್ಲಿ 'ಅದು ನಮಗೆ ಬರಲ್ಲ' ಅಂದರು. ಹಾಗಾದರೆ ಯಾರಿಗೆ ಬರುತ್ತೆ ಸ್ವಾಮಿ?

ಇಲ್ಲಿರುವ ಉದ್ದ ಕೊಕ್ಕಿನ ರಣಹದ್ದು ವರ್ಷಕ್ಕೆ ಇಡುವುದೇ ಒಂದು ಮೊಟ್ಟೆ. ಚಳಿಗಾಲ ಅದು ಮರಿ ಮಾಡುವ ಕಾಲ. ಗಂಡು ಹೆಣ್ಣು ಸರದಿಯಲ್ಲಿ ಒಂದೂವರೆ ತಿಂಗಳಿಗೂ ಜಾಸ್ತಿ ಕಾವು ಕೊಡುತ್ತವೆ. ಅದೊಂದು ಮೊಟ್ಟೆ ಹೋದರೆ ಆ ವರ್ಷವೇ ಹೋದ ಹಾಗೆ. ಈ ಹಕ್ಕಿ ಈಗಾಗಲೇ ಎಷ್ಟು ಸತ್ತಿದೆ! ದನಗಳಿಗೆ ನೋವಿಗೆ ಅಂತ ಡೈಕ್ಲೋಫೆನಾಕ್ ಚುಚ್ಚಿದರು. ಸತ್ತ ದನ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಉದುರಿದವು. 1990ರ ದಶಕದಿಂದ ದೇಶದಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಹೋದವು. ದನಗಳಿಗೆ ಆ ಔಷಧಿ ಕೊಡಬಾರದು ಅಂತ ಆದೇಶ ಬಂದಿದ್ದು 2006ರಲ್ಲಿ. ಆಮೇಲೂ ಮನುಷ್ಯರಿಗೆ ಅಂತ ಬರುವ ದೊಡ್ಡ ಬಾಟಲಿಯನ್ನೇ ದನಗಳಿಗೆ ಚುಚ್ಚುತ್ತಿದ್ದರು. ಆ ಬಾಟಲಿ ನಿಲ್ಲಿಸಲು 2015 ಆಯಿತು. ಅಷ್ಟು ವರ್ಷ ಅಧಿಕಾರಿಗಳು ಏನು ಮಾಡುತ್ತಿದ್ದರು?

2012ರಲ್ಲಿ ಈ ಸುಮಾರು 346 ಹೆಕ್ಟೇರ್ ಬೆಟ್ಟವನ್ನು ರಣಹದ್ದು ವನ್ಯಧಾಮ ಅಂತ ಸಾರಿದಾಗ ಎಷ್ಟು ಹೆಮ್ಮೆ ಪಟ್ಟಿದ್ದೆವು. ಇಲ್ಲಿ ಕರಡಿ ಇದೆ, ಚಿರತೆ ಇದೆ. ಹಳದಿ ಕೊರಳಿನ ಪಿಕಳಾರ ಇದೆ. ಅದೂ ಎಲ್ಲೆಂದರಲ್ಲಿ ಸಿಗುವ ಹಕ್ಕಿಯಲ್ಲ, ಇಂಥ ಕಲ್ಲುಗುಡ್ಡಗಳೇ ಬೇಕು ಅದಕ್ಕೆ. ನಮ್ಮೂರಿನ ಹಳೆ ಹೆಸರು ಕ್ಲೋಸ್‌ಪೇಟೆಯನ್ನೇ ಈ ಬೆಟ್ಟದ ಗ್ರಾನೈಟ್ ಕಲ್ಲಿಗೂ ಇಟ್ಟಿದ್ದಾರೆ. ಆದರೆ ಬಂದವರೆಲ್ಲ ಕೇಳುವುದು 1975ರ 'ಶೋಲೆ' ಎಲ್ಲಿ ತೆಗೆದರು ಅಂತ. ಅವರದ್ದೇನೂ ತಪ್ಪಿಲ್ಲ. ಸಿನಿಮಾ ಹೆಸರು ಹೇಳಿ ಪ್ರವಾಸಿ ತಾಣ ಮಾಡುತ್ತೇವೆ ಅಂತ ಓಡಾಡಿದವರು ಹಕ್ಕಿ ಹೆಸರು ಹೇಳಿ ಒಂದು ದಿನ ಬೆಟ್ಟ ಹತ್ತಿದ್ದಾರಾ? ಕುಡಿಯುವ ನೀರು, ಕೋತಿ ಕಾಟ, ಪ್ಲಾಸ್ಟಿಕ್, ಯಾವುದಕ್ಕೆ ಅರ್ಜಿ ಕೊಟ್ಟರೂ 'ನೋಡೋಣ' ಅನ್ನುತ್ತಾರೆ. ಇನ್ನೂ ಎಷ್ಟು ವರ್ಷ ನೋಡುತ್ತೀರಿ?

ಮರಿ ಮಾಡುವ ಕಾಲದಲ್ಲಾದರೂ ಬಂಡೆ ಹತ್ತಿರ ಡ್ರೋನ್, ಸ್ಪೀಕರ್ ಏನೂ ಬೇಡ. ಅದಾಗದಿದ್ದರೆ ಆ ಕಾಲದಲ್ಲಿ ನಮ್ಮನ್ನೂ ಬಿಡಬೇಡಿ, ಬೆಟ್ಟ ಮುಚ್ಚಿಬಿಡಿ. ಎರಡರಲ್ಲಿ ಒಂದು ಮಾಡಿ. ಮೊದಲು ಫೋನ್ ಎತ್ತಿ.

- ನೊಂದ ಓದುಗ, ರಾಮನಗರ