ಗೇಮ್ ಪ್ರದರ್ಶನದ ಊಹೆಗಳಿಗೂ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್ ಆಡುವ ಯಂತ್ರ, ಅಂದರೆ ಕನ್ಸೋಲ್ ತಯಾರಿಸುವ ದೊಡ್ಡ ಕಂಪನಿಯೊಂದು ಮುಂಬರುವ ಪ್ರದರ್ಶನದಲ್ಲಿ ಯಾವ ಯಾವ ಆಟಗಳನ್ನು ಪ್ರಕಟಿಸಬಹುದು ಎಂಬುದರ ಕುರಿತು ತಮ್ಮ ಪುರವಣಿಯಲ್ಲಿ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ಇಂಥ ಊಹೆಗಳ ಬಗ್ಗೆ ನನ್ನ ತಕರಾರಿಲ್ಲ. ವಿಡಿಯೊ ಗೇಮ್ ಪ್ರಿಯರಿಗೆ ಪ್ರದರ್ಶನದ ಹಿಂದಿನ ವಾರಗಳು ಪ್ರದರ್ಶನಕ್ಕಿಂತಲೂ ಹೆಚ್ಚು ಸಂತೋಷ ಕೊಡುತ್ತವೆ ಎಂಬುದನ್ನು ನಾನೂ ಬಲ್ಲೆ. ಆದರೆ ಆ ಬರಹ ಆಟಗಳ ಹೆಸರುಗಳನ್ನು ಪಟ್ಟಿ ಮಾಡುವುದಕ್ಕಷ್ಟೇ ನಿಂತುಬಿಟ್ಟಿದೆ. ಹೆಸರು ಹೇಳುವುದು ಊಹೆಯಲ್ಲಿ ಅತ್ಯಂತ ಸುಲಭದ ಭಾಗ. ಪ್ರಕಟವಾಗುವ ಆಟ ಆ ಹೊತ್ತಿಗೆ ಎಷ್ಟರ ಮಟ್ಟಿಗೆ ತಯಾರಾಗಿರುತ್ತದೆ ಎಂಬುದನ್ನು ಅಂದಾಜಿಸುವುದು ಕಷ್ಟದ ಭಾಗ, ಮತ್ತು ಓದುಗನಿಗೆ ನಿಜವಾಗಿ ಉಪಯೋಗಕ್ಕೆ ಬರುವುದೂ ಅದೇ.

2017ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ, ವಿಡಿಯೊ ಗೇಮ್ ಉದ್ಯಮದ ದೊಡ್ಡ ಪ್ರದರ್ಶನವಾದ ಇ3 ವೇಳೆ ನಿಂಟೆಂಡೊ ಕಂಪನಿ 'ಮೆಟ್ರಾಯ್ಡ್ ಪ್ರೈಮ್ 4' ಆಟವನ್ನು ಪ್ರಕಟಿಸಿದ್ದನ್ನು ನೆನೆಯಬಹುದು. ಅಂದು ತೋರಿಸಿದ್ದು ಹೆಸರು ಮತ್ತು ಲಾಂಛನವನ್ನು ಮಾತ್ರ, ಆಟದ ಒಂದು ದೃಶ್ಯವೂ ಇರಲಿಲ್ಲ. ಆ ಪ್ರಕಟಣೆ ಬರುತ್ತದೆಂದು ಊಹಿಸಿದ್ದವರೆಲ್ಲ ಬೀಗಿದರು. 2019ರ ಜನವರಿಯಲ್ಲಿ ಅದೇ ಕಂಪನಿ, ಕೆಲಸ ತಾನು ಬಯಸಿದ ಮಟ್ಟಕ್ಕೆ ಬಂದಿಲ್ಲವೆಂದು ಒಪ್ಪಿಕೊಂಡು, ಈ ಸರಣಿಯ ಹಳೆಯ ಆಟಗಳನ್ನು ರೂಪಿಸಿದ್ದ ರೆಟ್ರೊ ಸ್ಟುಡಿಯೋಸ್ ಜೊತೆ ಸೇರಿ ಮತ್ತೆ ಮೊದಲಿನಿಂದ ಆರಂಭಿಸುವುದಾಗಿ ತಿಳಿಸಿತು. ಆಟ ಬಿಡುಗಡೆಯಾದದ್ದು 2025ರ ಡಿಸೆಂಬರ್‌ನಲ್ಲಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚದು. 2017ರ ಊಹೆ ಸರಿಯಾಗಿತ್ತು ನಿಜ, ಆದರೆ ಅದನ್ನು ನಂಬಿ ನಿಂಟೆಂಡೊದ ಆ ಕಾಲದ ಯಂತ್ರವಾದ ಸ್ವಿಚ್ ಕೊಂಡವನು ಎಂಟು ವರ್ಷ ಕಾದನು. ಅಷ್ಟರಲ್ಲಿ ಆ ಯಂತ್ರದ ಉತ್ತರಾಧಿಕಾರಿಯೇ ಮಾರುಕಟ್ಟೆಗೆ ಬಂದಿತ್ತು.

ಸೋನಿ ಕಂಪನಿಯ ಕಥೆಯೂ ಬೇರೆಯಲ್ಲ. 'ದಿ ಲಾಸ್ಟ್ ಗಾರ್ಡಿಯನ್' 2009ರಲ್ಲಿ ಆ ಕಂಪನಿಯ ಪ್ಲೇಸ್ಟೇಷನ್ 3 ಯಂತ್ರಕ್ಕೆಂದು ಪ್ರಕಟವಾಗಿ, 2016ರ ಕೊನೆಯಲ್ಲಿ ಪ್ಲೇಸ್ಟೇಷನ್ 4ರಲ್ಲಿ ಬಿಡುಗಡೆಯಾಯಿತು. ಮೈಕ್ರೋಸಾಫ್ಟ್ 2014ರಲ್ಲಿ ಪ್ರಕಟಿಸಿದ 'ಸ್ಕೇಲ್‌ಬೌಂಡ್' ಅಂತೂ ಬರಲೇ ಇಲ್ಲ. ಅದನ್ನು ಮರುವರ್ಷ ಜರ್ಮನಿಯ ಗೇಮ್ಸ್‌ಕಾಮ್ ಪ್ರದರ್ಶನದಲ್ಲಿ ಆಡಿಯೂ ತೋರಿಸಿದ್ದರು; 2017ರ ಜನವರಿಯಲ್ಲಿ ಕೈಬಿಟ್ಟರು. ಹೀಗಾಗಿ ವೇದಿಕೆಯ ಮೇಲೆ ಆಡಿ ತೋರಿಸಿದ್ದು ಕೂಡ ಪೂರ್ಣ ಭರವಸೆಯಲ್ಲ ಎನ್ನಬೇಕಾಗುತ್ತದೆ, ಇದು ನನ್ನ ವಾದಕ್ಕೇ ತುಸು ತೊಡಕಾದರೂ. ಬೆಥೆಸ್ಡಾ ಕಂಪನಿ 'ಫಾಲ್‌ಔಟ್ 4' ಆಟವನ್ನು 2015ರ ಜೂನ್‌ನಲ್ಲಿ ಪ್ರಕಟಿಸಿ ಅದೇ ನವೆಂಬರ್‌ನಲ್ಲಿ ಆಟಗಾರರ ಕೈಗಿತ್ತದ್ದು ಇಂದಿಗೂ ಅಪರೂಪದ ಸಂಗತಿಯಾಗಿಯೇ ಉಳಿದಿದೆ.

ತಮ್ಮ ಬರಹ ಗಮನಿಸದ ಇನ್ನೊಂದು ಮುಖ್ಯ ವಿಷಯವಿದೆ. ಪ್ರದರ್ಶನದಲ್ಲಿ ಪ್ರಕಟಣೆ ಬರುತ್ತದೆ ಎಂಬುದನ್ನೇ ಈಗ ಪ್ರಶ್ನಿಸಬೇಕಾಗಿದೆ. 1995ರಲ್ಲಿ ಆರಂಭವಾದ ಇ3 ನಡೆಯುತ್ತಿದ್ದಾಗ ಪ್ರತಿಸ್ಪರ್ಧಿ ಕಂಪನಿಗಳೆಲ್ಲ ಒಂದೇ ಊರಿನಲ್ಲಿ, ಒಂದೇ ವಾರದಲ್ಲಿ ಮುಖಾಮುಖಿಯಾಗುತ್ತಿದ್ದವು. ಬರಿಗೈಯಲ್ಲಿ ವೇದಿಕೆ ಹತ್ತುವ ಧೈರ್ಯ ಯಾರಿಗೂ ಇರಲಿಲ್ಲವಾದ್ದರಿಂದ, ಏನಾದರೊಂದು ಹೊಸತು ಬರುತ್ತದೆಂದು ಕಣ್ಣು ಮುಚ್ಚಿ ಹೇಳಬಹುದಿತ್ತು. ಆದರೆ ನಿಂಟೆಂಡೊ 2013ರಿಂದಲೇ ಅಲ್ಲಿನ ದೊಡ್ಡ ಸಭೆಯನ್ನು ಕೈಬಿಟ್ಟು ತನ್ನದೇ 'ನಿಂಟೆಂಡೊ ಡೈರೆಕ್ಟ್' ಎಂಬ ಅಂತರ್ಜಾಲ ಪ್ರಸಾರವನ್ನು ನೆಚ್ಚಿಕೊಂಡಿತು. ಸೋನಿ 2019ರಲ್ಲಿ ಇ3ಯಿಂದ ದೂರ ಉಳಿಯಿತು. 2023ರ ಡಿಸೆಂಬರ್‌ನಲ್ಲಿ ಸಂಘಟಕರು ಇ3ಯನ್ನು ಶಾಶ್ವತವಾಗಿ ನಿಲ್ಲಿಸಿರುವುದಾಗಿ ತಿಳಿಸಿದರು. ಗೇಮ್ಸ್‌ಕಾಮ್ ಮತ್ತು ಟೋಕಿಯೊ ಗೇಮ್ ಶೋ ಈಗಲೂ ನಡೆಯುತ್ತಿವೆಯಾದರೂ, ಕಂಪನಿಗಳು ತಮ್ಮ ಅತಿ ದೊಡ್ಡ ಸುದ್ದಿಯನ್ನು ಸ್ವಂತ ಪ್ರಸಾರಕ್ಕೆಂದೇ ಕಾಯ್ದಿರಿಸಿಕೊಳ್ಳಲು ಯಾವ ಅಡ್ಡಿಯೂ ಇಲ್ಲ. ಸ್ವಿಚ್ 2 ಯಂತ್ರವನ್ನು 2025ರ ಜನವರಿಯಲ್ಲಿ ಜಗತ್ತಿಗೆ ತೋರಿಸಿದ್ದು ಯಾವ ಪ್ರದರ್ಶನದ ವೇದಿಕೆಯಲ್ಲೂ ಅಲ್ಲ, ಅಂತರ್ಜಾಲಕ್ಕೆ ಬಿಟ್ಟ ಒಂದು ಪುಟ್ಟ ವಿಡಿಯೊದಲ್ಲಿ. ಯಾವ ಆಟ ಎಂಬುದರ ಜೊತೆಗೆ ಯಾವಾಗ, ಎಲ್ಲಿ ಎಂಬುದನ್ನೂ ಇಂದು ಊಹಿಸಬೇಕಾಗಿದೆ.

ಹಾಗೆಂದು ಊಹೆಗೆ ಆಧಾರವೇ ಇಲ್ಲವೆಂದಲ್ಲ. ಒಂದು ಸ್ಟುಡಿಯೊ ತನ್ನ ಹಿಂದಿನ ಆಟವನ್ನು ಯಾವಾಗ ಮುಗಿಸಿತು ಎಂಬುದು ಮೊದಲ ಸುಳಿವು. 'ಗಾಡ್ ಆಫ್ ವಾರ್' 2018ರಲ್ಲಿ ಬಂದರೆ ಅದರ ಮುಂದಿನ ಭಾಗ ಬರಲು 2022 ಆಗಬೇಕಾಯಿತು. ದೊಡ್ಡ ಆಟಕ್ಕೆ ನಾಲ್ಕೈದು ವರ್ಷ ಹಿಡಿಯುವ ಈ ಕಾಲದಲ್ಲಿ, ನಿನ್ನೆ ಮೊನ್ನೆ ಕೆಲಸ ಮುಗಿಸಿದ ತಂಡದಿಂದ ಮುಂದಿನ ತಿಂಗಳು ಹೊಸ ಆಟ ನಿರೀಕ್ಷಿಸುವುದರಲ್ಲಿ ಅರ್ಥವಿಲ್ಲ. ಆಟಗಳಿಗೆ ವಯೋಮಿತಿ ನಿಗದಿಪಡಿಸುವ ಸಂಸ್ಥೆಗಳ ದಾಖಲೆಯಲ್ಲಿ ಹೆಸರು ಕಾಣಿಸಿಕೊಂಡರೆ ಬಿಡುಗಡೆ ಹತ್ತಿರವಿದೆ ಎಂದು ತಿಳಿಯಬಹುದು.

ಅಂಗಡಿಗಳ ಪಟ್ಟಿಯನ್ನು ಮಾತ್ರ ಜಾಗ್ರತೆಯಿಂದ ನೋಡಬೇಕು. 2018ರ ಮೇ ತಿಂಗಳಲ್ಲಿ ವಾಲ್‌ಮಾರ್ಟ್‌ನ ಕೆನಡಾ ಜಾಲತಾಣದಲ್ಲಿ ಇನ್ನೂ ಪ್ರಕಟವಾಗದ ಹಲವು ಆಟಗಳ ಹೆಸರು ಕಾಣಿಸಿಕೊಂಡವು. 'ರೇಜ್ 2', 'ಜಸ್ಟ್ ಕಾಸ್ 4' ನಿಜವಾದವು. ಅದೇ ಪಟ್ಟಿಯಲ್ಲಿ 'ಫೋರ್ಝಾ ಹೊರೈಝನ್ 5' ಎಂದೂ ಇತ್ತು, ಆದರೆ ಆ ವರ್ಷ ಪ್ರಕಟವಾದದ್ದು ನಾಲ್ಕನೆಯದು! ಲೀಕ್ ಮಾಡುವವರೆಂದು ಹೆಸರು ಮಾಡಿದವರ ಮಾತಿಗೂ ಇದೇ ಎಚ್ಚರ ಸಲ್ಲುತ್ತದೆ: ಇಪ್ಪತ್ತು ಹೆಸರು ಹೇಳಿದವನಿಗೆ ಎರಡು ಕೂಡಿ ಬಂದರೆ ಅದು ಒಳಗಿನ ಮಾಹಿತಿಯೋ, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದದ್ದೋ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ತಪ್ಪಿಹೋದ ಹದಿನೆಂಟನ್ನು ಯಾರೂ ಬರೆದಿಟ್ಟುಕೊಂಡಿರುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಇಂಥ ಬರಹಗಳಲ್ಲಿ ಪ್ರತಿ ಹೆಸರಿನ ಪಕ್ಕ ಆ ಊಹೆ ಯಾವುದನ್ನು ಆಧರಿಸಿದೆ ಎಂದು ಒಂದು ಸಾಲು ಬರೆಯಿಸಿ. ಪ್ರಸಾರವೋ ಪ್ರದರ್ಶನವೋ ಮುಗಿದ ನಂತರದ ವಾರ ಅದೇ ಪಟ್ಟಿಯನ್ನು ಮತ್ತೊಮ್ಮೆ ಮುದ್ರಿಸಿ, ಯಾವುದು ಬಂತು, ಯಾವುದು ಬರಲಿಲ್ಲ, ಬಂದವುಗಳಲ್ಲಿ ಎಷ್ಟಕ್ಕೆ ಬಿಡುಗಡೆಯ ದಿನಾಂಕವಿತ್ತು, ಎಷ್ಟು ಬರಿಯ ಲಾಂಛನದಲ್ಲೇ ಮುಗಿದವು ಎಂದು ಗುರುತು ಹಾಕಿಸಿ. ತಮ್ಮ ಬರಹದ ಕತ್ತರಿಕೆಯನ್ನು ನಾನಂತೂ ತೆಗೆದಿಟ್ಟುಕೊಂಡಿದ್ದೇನೆ.

ಇತಿ,
ತಮ್ಮ ಪತ್ರಿಕೆಯ ಓದುಗ